ಗೈಡ್ ಇರುತ್ತಾರೆ, ಮೊಣಕಾಲು ಮಾತ್ರ ನಿಮ್ಮದೇ

ಪ್ರಶ್ನೆ: ನನಗೆ 54 ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್, ತವರು ತೀರ್ಥಹಳ್ಳಿ ಕಡೆಯ ಹಳ್ಳಿ. ಮಗಳು ಕೆನಡಾದ ಬರ್ನಬಿಯಲ್ಲಿ ಕೆಲಸದಲ್ಲಿದ್ದಾಳೆ. ಬರುವ ಜುಲೈನಲ್ಲಿ ನಾನು ಅಲ್ಲಿಗೆ ಹೋದಾಗ ವೆಸ್ಟ್ ಕೋಸ್ಟ್ ಟ್ರೇಲ್ ಅನ್ನುವ ಕಡಲತೀರದ ಕಾಡುಹಾದಿಯಲ್ಲಿ ಇಬ್ಬರೂ 8 ದಿನ ನಡೆಯೋಣ ಅಂತ ಒಂದು ಗೈಡೆಡ್ ತಂಡಕ್ಕೆ ಹೆಸರು ಕೊಟ್ಟು ಮುಂಗಡವನ್ನೂ ಕಟ್ಟಿಬಿಟ್ಟಿದ್ದಾಳೆ. ನಾನು ಕೊಡಚಾದ್ರಿ ನಾಲ್ಕು ಸಲ, ಹತ್ತು ವರ್ಷದ ಹಿಂದೆ ಕುಮಾರಪರ್ವತ ಒಂದು ಸಲ ಹತ್ತಿದ್ದೇನೆ. ತೂಕ 60 ಕೆ.ಜಿ. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ, ಹತೋಟಿಯಲ್ಲಿದೆ. ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಈಜು ಬರದು. ಮೊಟ್ಟೆಯನ್ನೂ ತಿನ್ನುವುದಿಲ್ಲ. ಯಜಮಾನರು ‘ಮಳೆಕಾಡಂತೆ, ನಿನಗೇನು ಹೊಸದಾ’ ಅನ್ನುತ್ತಾರೆ. ತಂಗಿ ‘ಕರಡಿ, ತೋಳ ಇರೋ ಜಾಗ, ಹೋಗ್ಬೇಡ’ ಅನ್ನುತ್ತಾಳೆ. ಮಗಳು ‘ಗೈಡ್ ಇರ್ತಾರೆ ಅಮ್ಮ, ಎಲ್ಲ ಅವರೇ ನೋಡ್ಕೋತಾರೆ’ ಅನ್ನುತ್ತಾಳೆ. ಯಾರ ಮಾತು ನಂಬಲಿ? ನನ್ನಿಂದ ಆಗುತ್ತದೆಯೇ? ಕೊನೆಯದಾಗಿ, ನಗಬೇಡಿ, ಕೊಡೆ ಒಯ್ಯಬಹುದಾ?

ಉತ್ತರ: ನಗಲಿಲ್ಲ. ಕೊಡೆಯ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಸಾಗರದ ಕಡೆಯವನು. ಹನ್ನೆರಡು ಬೇಸಿಗೆ ಈ ದಾರಿಯಲ್ಲಿ ತಂಡಗಳನ್ನು ಕರೆದುಕೊಂಡು ಓಡಾಡಿದ್ದೇನೆ. ನಿಮ್ಮ ಪತ್ರ ಓದಿದಾಗ ಅನಿಸಿದ್ದು, ಮನೆಯ ಮೂವರ ಮಾತಿನಲ್ಲೂ ಅರ್ಧ ನಿಜ ಇದೆ, ಆದರೆ ನಿಮಗೆ ಬೇಕಾದ ಅರ್ಧ ಮೂರರಲ್ಲೂ ಇಲ್ಲ. ಅಲ್ಲಿ ತೊಂದರೆ ಕೊಡುವುದು ಕರಡಿಯಲ್ಲ, ಬರೀ ಮಳೆಯೂ ಅಲ್ಲ. ಒದ್ದೆ ಹಾದಿಯಲ್ಲಿ, ಬೆನ್ನ ಮೇಲೆ ಹದಿನೈದು ಕೆ.ಜಿ. ಹೊತ್ತು, ದಣಿದ ಕಾಲು ಇಡುವ ಒಂದು ತಪ್ಪು ಹೆಜ್ಜೆ. ನಿಮ್ಮ ಪತ್ರದಲ್ಲಿ ನಾನು ಕೆಂಪು ಗೆರೆ ಎಳೆದದ್ದು ಒಂದೇ ವಾಕ್ಯಕ್ಕೆ: ‘ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ.’

ಮೊದಲು ದಾರಿ ಎಂಥದ್ದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ‘ಟ್ರೇಲ್’ ಅಂದ ಕೂಡಲೇ ಮನಸ್ಸಿಗೆ ಬರುವ ಚಿತ್ರ ಬೇರೆ. ಬರ್ನಬಿ ಪಕ್ಕದ ವ್ಯಾಂಕೂವರ್ ನಗರ ಇರುವುದು ಕೆನಡಾದ ಮುಖ್ಯ ಭೂಭಾಗದ ದಂಡೆಯಲ್ಲಿ. ಈ ಹಾದಿ ಇರುವುದು ಸಮುದ್ರ ದಾಟಿ ಸಿಗುವ ವ್ಯಾಂಕೂವರ್ ದ್ವೀಪದ ನೈಋತ್ಯ ತೀರದಲ್ಲಿ, ಪೆಸಿಫಿಕ್ ಸಾಗರಕ್ಕೆ ನೇರ ಮುಖ ಮಾಡಿಕೊಂಡು. ಉತ್ತರ ತುದಿ ಬ್ಯಾಮ್‌ಫೀಲ್ಡ್ ಪಕ್ಕದ ಪಚೀನಾ ಕೊಲ್ಲಿ, ದಕ್ಷಿಣ ತುದಿ ಪೋರ್ಟ್ ರೆನ್‌ಫ್ರೂ ಪಕ್ಕದ ಗಾರ್ಡನ್ ನದಿ. ನಡುವೆ 75 ಕಿ.ಮೀ. ಹೂ-ಎ-ಆಟ್, ಡಿಟಿಡಾಟ್, ಪಚೀಡಾಟ್ ಎಂಬ ಮೂರು ಮೂಲನಿವಾಸಿ ಸಮುದಾಯಗಳ ನೆಲ ಅದು. ಈಗಿನ ಹಾದಿಯನ್ನು ಯಾರೂ ಮೋಜಿನ ನಡಿಗೆಗೆ ಮಾಡಿದ್ದಲ್ಲ. 1906ರ ಜನವರಿ 22ರ ರಾತ್ರಿ ವೆಲೆನ್ಸಿಯಾ ಎಂಬ ಹಡಗು ದಾರಿ ತಪ್ಪಿ ಇಲ್ಲಿನ ಬಂಡೆಗಳಿಗೆ ಬಡಿಯಿತು. ದಡ ಕಣ್ಣೆದುರಿಗೇ ಇತ್ತು. ಆದರೂ ನೂರಕ್ಕೂ ಹೆಚ್ಚು ಜನ ಸತ್ತರು, ಹಡಗಿನಲ್ಲಿದ್ದ ಹೆಂಗಸರು, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಸರ್ಕಾರ ಹಳೆಯ ಟೆಲಿಗ್ರಾಫ್ ತಂತಿಯ ಜಾಡನ್ನು ಹಿಡಿದು ಜೀವರಕ್ಷಣೆಯ ದಾರಿಯೊಂದನ್ನು ಕಡಿಸಿತು. ಹಡಗು ಒಡೆದು ದಡ ಮುಟ್ಟಿದವರು ಬದುಕಿ ಹೊರಬರಲಿ ಅಂತ ಮಾಡಿದ ದಾರಿ. ಆ ಸ್ವಭಾವ ಇನ್ನೂ ಬಿಟ್ಟಿಲ್ಲ.

ಈಗಿನ ರೂಪದಲ್ಲಿ ಅದರ ಮೇಲೆ ನೂರಕ್ಕೂ ಹೆಚ್ಚು ಮರದ ಏಣಿಗಳಿವೆ. ಕೆಲವು ನಾಲ್ಕೈದು ಮೆಟ್ಟಿಲಿನವು, ಕೆಲವು ಒಂದರ ಮೇಲೊಂದು ಸೇರಿ ಎಂಟು-ಹತ್ತು ಅಂತಸ್ತಿನ ಮನೆಯಷ್ಟು ಎತ್ತರ. ತೊರೆಗಳನ್ನು ದಾಟಲು ಕೆಲವೆಡೆ ತಂತಿಯಲ್ಲಿ ತೂಗುವ ಲೋಹದ ತೊಟ್ಟಿಲು. ಇಬ್ಬರು ಚೀಲ ಸಮೇತ ಕೂತು, ಹಗ್ಗ ಜಗ್ಗಿಕೊಂಡು ಆಚೆ ದಡ ಸೇರಬೇಕು. ನಡುವೆ ಮೊಣಕಾಲುದ್ದ ಕೆಸರು, ಹೆಬ್ಬಾವಿನಷ್ಟು ದಪ್ಪದ ಬೇರುಗಳು, ಪಾಚಿ ಹಿಡಿದ ಹಲಗೆಯ ಕಾಲುದಾರಿ, ಸಮುದ್ರ ತಂದು ಒಡ್ಡಿದ ದೈತ್ಯ ಮರದ ದಿಮ್ಮಿಗಳು. ದಕ್ಷಿಣ ತುದಿಯಿಂದ ಮೊದಲ ಬಿಡಾರ ಥ್ರ್ಯಾಶರ್ ಕೋವ್‌ಗೆ 6 ಕಿ.ಮೀ. ಅಷ್ಟೇ. ಗಟ್ಟಿಮುಟ್ಟಾದವರಿಗೂ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಕಿಲೋಮೀಟರ್ ಲೆಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ಯಜಮಾನರ ಮಾತಿಗೆ ಬರೋಣ. ಈ ತೀರಕ್ಕೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆಗುಂಬೆಗೆ ಅದರ ಎರಡು ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಅಂಕಿ ನೋಡಿದರೆ ಯಜಮಾನರು ಗೆದ್ದರು. ಆದರೆ ನಮ್ಮ ಮಳೆ ಬೆಚ್ಚಗಿನ ಮಳೆ. ಜುಲೈನಲ್ಲಿ ತೀರ್ಥಹಳ್ಳಿಯ ಗದ್ದೆಯಲ್ಲಿ ದಿನವಿಡೀ ನೆನೆದರೂ ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂತರೆ ಮುಗಿಯಿತು. ಅಲ್ಲಿ ಜುಲೈ ನಡು ಮಧ್ಯಾಹ್ನವೂ 13–14 ಡಿಗ್ರಿ ಇರಬಹುದು, ಮೇಲೆ ಸಮುದ್ರದ ಗಾಳಿ. ಮಳೆ ಇಲ್ಲದ ದಿನ ಮಂಜು. ನೆನೆದ ಮೈಯಿಂದ ಶಾಖವನ್ನು ಗಾಳಿ ಕಿತ್ತುಕೊಂಡು ಹೋಗುತ್ತದೆ, ಬಚ್ಚಲ ಒಲೆ ಎಂಟು ದಿನ ದೂರ. ಇದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ಹಿಮ ಬೀಳುವ ಜಾಗದಲ್ಲಿ ಮಾತ್ರ ಆಗುವಂಥದ್ದು ಅಂತ ನಮ್ಮವರು ತಿಳಿದಿದ್ದಾರೆ. ನಾನು ಕಂಡ ಅಷ್ಟೂ ಪ್ರಕರಣ ಬೇಸಿಗೆಯವು.

ಒಂದು ಪ್ರಸಂಗ ಹೇಳುತ್ತೇನೆ, ತಪ್ಪು ನನ್ನದೇ. ನಾನಿನ್ನೂ ಸಹಾಯಕ ಗೈಡ್ ಆಗಿದ್ದ ಎರಡನೇ ವರ್ಷ. ಓವನ್ ಪಾಯಿಂಟ್ ಅನ್ನುವ ಬಂಡೆಯ ಮೂಗು ಇದೆ, ಸಮುದ್ರ 1.8 ಮೀಟರ್‌ಗಿಂತ ಕೆಳಗಿಳಿದಾಗ ಮಾತ್ರ ಅದನ್ನು ಸುತ್ತಿ ದಾಟಬಹುದು. ಇಳಿತದ ಹೊತ್ತು ನೋಡಿ ಹೇಳುವುದು ಆ ದಿನ ನನ್ನ ಕೆಲಸ. ನನ್ನ ಕೈಲಿದ್ದ ಪಟ್ಟಿ ಚಳಿಗಾಲದ ಗಡಿಯಾರದ ಲೆಕ್ಕದಲ್ಲಿತ್ತು. ಆಗ ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಿದ್ದರು, ಆ ಒಂದು ಗಂಟೆ ಕೂಡಿಸುವುದು ಮರೆತೆ. ಹಾಗಾಗಿ ಬೇಗ ಬಂದುಬಿಟ್ಟೆವು, ನೀರು ಇನ್ನೂ ಬಂಡೆಗೆ ಬಡಿಯುತ್ತಿತ್ತು. ಮಳೆಯಲ್ಲಿ, ಗಾಳಿಯಲ್ಲಿ, ಸುಮ್ಮನೆ ನಿಂತು ಕಾದೆವು. ಅಲ್ಲಿಯವರೆಗೆ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಮೂವತ್ತರ ಹುಡುಗ, ಬೆಂಗಳೂರಿನಲ್ಲಿ ಮ್ಯಾರಥಾನ್ ಓಡುವವನು, ಇದ್ದಕ್ಕಿದ್ದಂತೆ ಸಿಡುಕತೊಡಗಿದ. ಆಮೇಲೆ ಜಾಕೆಟ್‌ನ ಜಿಪ್ ಎಳೆಯಲು ಬೆರಳು ಕೂಡಿಬರಲಿಲ್ಲ. ಆಮೇಲೆ ಮಾತು ತೊದಲಿತು. ಒಳಗೆ ಹಾಕಿದ್ದು ಹತ್ತಿಯ ಟೀ ಶರ್ಟು. ಹಿರಿಯ ಗೈಡ್ ಅಲ್ಲೇ ಟಾರ್ಪಾಲು ಕಟ್ಟಿ, ಅವನ ಬಟ್ಟೆ ಬಿಚ್ಚಿಸಿ, ಸ್ಲೀಪಿಂಗ್ ಬ್ಯಾಗಿಗೆ ತೂರಿಸಿ ಸಕ್ಕರೆ ನೀರು ಕಾಯಿಸಿ ಕುಡಿಸಿದರು. ಬದುಕಿಕೊಂಡ, ಮರುದಿನ ನಡೆದ. ಅವನನ್ನು ಕೆಡವಿದ್ದು ಅಲೆಯಲ್ಲ, ನಿಂತು ಕಾದ ಒಂದು ಗಂಟೆ.

ನಿಮ್ಮ ಅಜ್ಜ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ? ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಲೆಕ್ಕ ಇಲ್ಲಿಯೂ. ಮೈಗೆ ತಾಗುವುದು ತೆಳು ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಸಿಂಥೆಟಿಕ್ ಅಂಗಿ, ಅದರ ಮೇಲೆ ನಿಜವಾಗಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಹತ್ತಿ ಚೂಡಿದಾರ, ಹತ್ತಿ ಒಳಉಡುಪು, ಜೀನ್ಸ್ ಯಾವುದೂ ಬೇಡ. ಮಲಗುವಾಗ ಹಾಕಿಕೊಳ್ಳಲು ಒಂದು ಜೊತೆ ಒಣ ಬಟ್ಟೆ ಗಾಳಿಯಾಡದ ಚೀಲದಲ್ಲಿರಲಿ. ಅದನ್ನು ಎಂಥ ಸಂದರ್ಭದಲ್ಲೂ ಹಗಲು ಹಾಕಿಕೊಳ್ಳಬೇಡಿ. ಬೆಳಿಗ್ಗೆ ಎದ್ದು ತಣ್ಣಗಿನ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುವುದು ಈ ಪ್ರವಾಸದ ಅತ್ಯಂತ ಕೆಟ್ಟ ಐದು ನಿಮಿಷ. ಅದಕ್ಕೆ ತಯಾರಾಗಿರಿ. ಒಂದು ಸಮಾಧಾನವೂ ಇದೆ: ಉಂಬಳದ ಕಾಟ ಇಲ್ಲ. ಬಾಳೆಹಣ್ಣಿನ ಬಣ್ಣದ ಗೇಣುದ್ದದ, ಚಿಪ್ಪಿಲ್ಲದ ಬಸವನಹುಳು ಕಾಣಿಸಬಹುದು, ಅದು ಏನೂ ಮಾಡುವುದಿಲ್ಲ.

ತಂಗಿಯ ಭಯದ ಬಗ್ಗೆ. ‘ಕರಡಿ’ ಅಂದಾಗ ನಮ್ಮ ಕಣ್ಣಿಗೆ ಬರುವುದು ದರೋಜಿಯ ಕಡೆಯ, ಬಯಲುಸೀಮೆಯ ಕರಡಿ. ಅದು ಎದುರಾದರೆ ಮೈಮೇಲೆ ಬೀಳುವ ಪ್ರಾಣಿ, ನಮ್ಮವರು ಹೆದರುವುದರಲ್ಲಿ ತಪ್ಪಿಲ್ಲ. ಅಲ್ಲಿರುವ ಕಪ್ಪು ಕರಡಿ ಬೇರೆಯೇ ಜಾತಿ. ಸಾಮಾನ್ಯವಾಗಿ ಮನುಷ್ಯರ ಸದ್ದು ಕೇಳಿದರೆ ಸರಿದುಹೋಗುತ್ತದೆ, ಇಳಿತದ ಹೊತ್ತಿನಲ್ಲಿ ಕಲ್ಲು ಮಗುಚಿ ಏಡಿ ಹುಡುಕಿಕೊಂಡಿರುತ್ತದೆ. ಅದಕ್ಕೆ ನಮ್ಮ ಮೇಲೆ ಆಸಕ್ತಿ ಬರುವುದು ನಮ್ಮ ಊಟದಿಂದ. ಮುಖ್ಯ ಬಿಡಾರಗಳಲ್ಲಿ ಕಬ್ಬಿಣದ ಪೆಟ್ಟಿಗೆಗಳಿವೆ. ಊಟದ ಸಾಮಾನು ಮಾತ್ರವಲ್ಲ, ಟೂತ್‌ಪೇಸ್ಟು, ವಿಕ್ಸ್, ಅಮೃತಾಂಜನ ಎಲ್ಲ ರಾತ್ರಿ ಅದರೊಳಗೆ ಹೋಗಬೇಕು. ನಿಮ್ಮ ಇಂಗಿನ ಡಬ್ಬಿಯಂತೂ ಮೊದಲು. ತೋಳ ಮತ್ತು ಕೂಗರ್ ಎಂಬ ಕಾಡುಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯೂ ಇವೆ. ಕಂಡರೆ ಓಡಬಾರದು, ಬೆನ್ನು ತೋರಿಸಬಾರದು, ಒಟ್ಟಾಗಿ ನಿಂತು ಗದರಬೇಕು. ಹನ್ನೆರಡು ಬೇಸಿಗೆಯಲ್ಲಿ ನನಗೆ ಕೂಗರ್ ಕಂಡದ್ದು ಒಂದು ಸಲ, ಅದೂ ಬಾಲ ಮಾತ್ರ. ವಿಷದ ಹಾವು ಆ ದ್ವೀಪದಲ್ಲಿ ಇಲ್ಲವೇ ಇಲ್ಲ, ಇದನ್ನು ತಂಗಿಗೆ ಹೇಳಿ.

ಈಜು ಬರದು ಅನ್ನುವುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಬಂಡೆಗಳ ನಡುವೆ ಸಮುದ್ರ ಕೊರೆದ ಸೀಳುಗಳಿವೆ, ಅಲೆ ಒಳನುಗ್ಗಿ ಹಿಂದಕ್ಕೆ ಎಳೆಯುತ್ತದೆ. ಅವುಗಳಲ್ಲಿ ಒಂದರ ಹೆಸರೇ ಅಡ್ರಿನಲಿನ್. ಆ ತಣ್ಣೀರಿಗೆ ಬಿದ್ದರೆ ಚೆನ್ನಾಗಿ ಈಜುವವರೂ ಉಳಿಯುವುದು ಕಷ್ಟ. ಆದ್ದರಿಂದ ನಿಯಮ ಎಲ್ಲರಿಗೂ ಒಂದೇ: ಆ ಕಡೆ ಹೋಗಲೇಬಾರದು, ಕಾಡಿನೊಳಗಿನ ದಾರಿ ಹಿಡಿಯಬೇಕು. ತೊರೆ ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿಕೊಳ್ಳಿ, ಜಾರಿದರೆ ಚೀಲದಿಂದ ಕಳಚಿಕೊಳ್ಳಬಹುದು. ಸಮುದ್ರಕ್ಕೆ ಬೆನ್ನು ಮಾಡಿ ಫೋಟೋಗೆ ನಿಲ್ಲಬೇಡಿ. ಅಲೆಯಲ್ಲಿ ತೇಲುವ ದಿಮ್ಮಿಯ ಹತ್ತಿರ ಸುಳಿಯಬೇಡಿ, ಮೊಣಕಾಲುದ್ದ ನೀರಿನಲ್ಲೂ ಅದು ಮನುಷ್ಯನನ್ನು ಹೊರಳಿಸಿ ಅದುಮುತ್ತದೆ.

ನಮ್ಮ ಗೋಕರ್ಣದ ಕಡೆ ಸಮುದ್ರದ ಏರಿಳಿತ ಇಷ್ಟೊಂದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ದೊಡ್ಡ ದಿನಗಳಲ್ಲಿ ಮೂರು ಮೀಟರಿಗೂ ಹೆಚ್ಚು ಅಂತರ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವೂ ಒಂದೇ ಸಮ ಇಲ್ಲ: ಒಂದು ಇಳಿತ ಆಳ, ಇನ್ನೊಂದು ಅರೆಬರೆ. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಎಲ್ಲಿ ಊಟ, ಎಲ್ಲಿ ದಡ ಬಿಟ್ಟು ಕಾಡಿಗೆ ಹತ್ತಬೇಕು ಎಲ್ಲವನ್ನೂ ಇದೇ ನಿರ್ಧರಿಸುತ್ತದೆ. ಗೈಡ್‌ಗೆ ಕೊಡುವ ದುಡ್ಡಿನ ದೊಡ್ಡ ಭಾಗ ಈ ಲೆಕ್ಕಕ್ಕೆ ಅಂತ ತಿಳಿಯಿರಿ.

ಇಲ್ಲಿಗೆ ಮಗಳ ಮಾತು ಬಂತು. ಗೈಡ್ ಏನು ಮಾಡುತ್ತಾರೆ? ದಾರಿ, ಹೊತ್ತು, ಬಿಡಾರದ ಜಾಗ, ಅಡುಗೆ, ಪ್ರಥಮ ಚಿಕಿತ್ಸೆ, ಸ್ಯಾಟಲೈಟ್ ಸಂಪರ್ಕ ಅವರದು. ಹಿಮಾಲಯದ ಚಾರಣಕ್ಕೆ ಹೋದವರ ಕಥೆ ಕೇಳಿ ‘ಗೈಡೆಡ್ ಅಂದರೆ ಹೇಸರಗತ್ತೆ ಹೊರುತ್ತದೆ, ನಾವು ನೀರಿನ ಬಾಟಲಿ ಹಿಡಿದು ನಡೆದರಾಯಿತು’ ಅಂದುಕೊಂಡು ಬರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅಲ್ಲಿ ಏಣಿ ಹತ್ತುವ ಹೇಸರಗತ್ತೆ ಇಲ್ಲ. ನಿಮ್ಮ ಬಟ್ಟೆ, ಹಾಸಿಗೆ, ಜೊತೆಗೆ ತಂಡದ ಊಟದಲ್ಲಿ ನಿಮ್ಮ ಪಾಲು ಎಲ್ಲ ನಿಮ್ಮ ಬೆನ್ನಿಗೆ. ಹೊರೆ ದೇಹದ ತೂಕದ ನಾಲ್ಕನೇ ಒಂದು ಭಾಗದ ಆಸುಪಾಸಿನಲ್ಲಿರಲಿ, ಮೂರನೇ ಒಂದನ್ನು ದಾಟಲೇಬಾರದು ಅನ್ನುವುದು ನಾವು ಹಿಡಿಯುವ ಲೆಕ್ಕ. ನಿಮಗೆ ಅದು 15 ಕೆ.ಜಿ. ಎಂಟು ದಿನಕ್ಕೆ 15ರಲ್ಲಿ ಹಿಡಿಸಬೇಕಾದರೆ ಹಗುರ ಸಾಮಾನಿಗೆ ದುಡ್ಡು ಸುರಿಯಬೇಕು, ಇಲ್ಲವೇ ಮಗಳು ನಿಮ್ಮ ಪಾಲಿನ ಎರಡು ಕೆ.ಜಿ. ಹೊರಬೇಕು. ಎರಡನೆಯದು ಅಗ್ಗ, ಮುಂಗಡ ಕಟ್ಟಿದವಳು ಅವಳೇ ತಾನೆ.

ಕಾಲು ಮುರಿದರೆ ಏನು ಅನ್ನುವುದನ್ನೂ ಮುಚ್ಚಿಡದೆ ಹೇಳಬೇಕು. ಪ್ರತಿ ಬೇಸಿಗೆ ಈ ಹಾದಿಯಿಂದ ಹತ್ತಾರು ಜನರನ್ನು ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಹೊರಗೆ ಸಾಗಿಸುತ್ತಾರೆ. ನಾನು ಕಂಡಂತೆ ಹೆಚ್ಚಿನವು ಪಾದದ ಕೀಲು, ಮೊಣಕಾಲು, ಮಣಿಕಟ್ಟು. ಆಗುವ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ, ಬಿಡಾರ ಹತ್ತಿರ ಬಂತು ಅನ್ನುವಾಗ, ಒದ್ದೆ ಹಲಗೆಯ ಮೇಲೆ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲ. ಸಮುದ್ರ ಒರಟಾಗಿದ್ದರೆ ದೋಣಿ ಬರುವುದು ಮರುದಿನವೇ, ಅಲ್ಲಿಯವರೆಗೆ ಟೆಂಟಿನಲ್ಲಿ ನೋವು ನುಂಗಿ ಮಲಗಬೇಕು. ಆಸ್ಪತ್ರೆಯ ಬಿಲ್ಲು ಪ್ರವಾಸಿಗರ ತಲೆ ಮೇಲೆಯೇ, ಅಲ್ಲಿನ ಸರ್ಕಾರಿ ವಿಮೆ ನಿಮಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪ್ರವಾಸ ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಟ್ರೆಕ್ಕಿಂಗ್ ಅನ್ನು ಹೊರಗಿಟ್ಟಿದ್ದಾರೆಯೇ, ಮೊದಲೇ ಇದ್ದ ಬಿ.ಪಿ.ಯನ್ನು ಒಳಗೊಂಡಿದ್ದಾರೆಯೇ.

ಈಗ ಮೊಣಕಾಲು. ನಾನು ಡಾಕ್ಟರ್ ಅಲ್ಲ, ಕಾಲುಗಳನ್ನು ನೋಡಿದವನು. ಏರುವಾಗ ಇಲ್ಲದೆ ಇಳಿಯುವಾಗ ಮಾತ್ರ ಬರುವ ನೋವು ಅನೇಕರಲ್ಲಿ ತೊಡೆಯ ಮುಂಭಾಗದ ಸ್ನಾಯು, ಸೊಂಟದ ಪಕ್ಕದ ಸ್ನಾಯು ಸೊರಗಿರುವುದರಿಂದ ಬರುತ್ತದೆ, ಅದು ತಿದ್ದಿಕೊಳ್ಳಬಹುದಾದದ್ದು. ಕೆಲವರಲ್ಲಿ ಕೀಲಿನೊಳಗಿನ ಮೃದ್ವಸ್ಥಿಯೇ ಸವೆದಿರುತ್ತದೆ, ಅದು ಬೇರೆ ಕಥೆ. ನಿಮ್ಮದು ಯಾವುದು ಅಂತ ಮೂಳೆ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ನೋಡಿ ಹೇಳಬೇಕು, ಈ ತಿಂಗಳೇ. ಆಗ ಅವರಿಗೆ ‘ಟ್ರೆಕ್ಕಿಂಗ್ ಹೋಗ್ತೀನಿ’ ಅನ್ನಬೇಡಿ. ‘15 ಕೆ.ಜಿ. ಹೊತ್ತು ದಿನಕ್ಕೆ ಆರೇಳು ಗಂಟೆ, ಒಂದೊಂದೂವರೆ ಅಡಿ ಎತ್ತರದ ಮೆಟ್ಟಿಲಿಳಿದ ಹಾಗೆ, ಎಂಟು ದಿನ’ ಅನ್ನಿ. ಉತ್ತರ ಬೇರೆಯೇ ಬರುತ್ತದೆ. ಇನ್ನೊಂದು: ನೋವು ಬರುವ ಮೊದಲೇ ಅಂತ ದಿನಾ ಬೆಳಿಗ್ಗೆ ನೋವಿನ ಮಾತ್ರೆ ನುಂಗುವ ಚಟ ಚಾರಣಿಗರಲ್ಲಿದೆ. ಐಬುಪ್ರೊಫೆನ್ ಥರದವು ಬಿ.ಪಿ. ಏರಿಸಬಲ್ಲವು, ನೀರು ಕಮ್ಮಿ ಕುಡಿದ ಮೈಯಲ್ಲಿ ಕಿಡ್ನಿಗೂ ಭಾರ. ನಿಮ್ಮ ಬಿ.ಪಿ. ಮಾತ್ರೆ ಬರೆದ ಡಾಕ್ಟರನ್ನು ಕೇಳದೆ ಅದನ್ನು ಚೀಲಕ್ಕೆ ಹಾಕಬೇಡಿ. ಬಿ.ಪಿ. ಮಾತ್ರೆಯನ್ನು ಎರಡು ಪಾಲು ಮಾಡಿ, ಒಂದು ನಿಮ್ಮ ಚೀಲದಲ್ಲಿ, ಒಂದು ಮಗಳ ಚೀಲದಲ್ಲಿ.

ಡಾಕ್ಟರ್ ಸರಿ ಅಂದರೆ ತಯಾರಿ. ಬರೀ ವಾಕಿಂಗ್ ಸಾಲದು. ಒಂದು ಹಳೆ ಚೀಲಕ್ಕೆ ಐದು ಕೆ.ಜಿ. ಅಕ್ಕಿ ಹಾಕಿ ಶುರು ಮಾಡಿ, ಎರಡು ವಾರಕ್ಕೊಮ್ಮೆ ಎರಡು ಕೆ.ಜಿ. ಏರಿಸಿ. ಮೆಟ್ಟಿಲು ಮುಖ್ಯ, ಅದರಲ್ಲೂ ನಿಧಾನವಾಗಿ ಇಳಿಯುವುದು. ಕವಲೇದುರ್ಗ ನಿಮಗೆ ಹತ್ತಿರ, ಅಲ್ಲಿನ ಕಲ್ಲುಹಾದಿ ಒಳ್ಳೆಯ ಮೇಷ್ಟ್ರು. ಮೊದಮೊದಲು ಅಕ್ಕಿಯ ಬದಲು ನೀರಿನ ಕ್ಯಾನು ಹೊತ್ತು ಹತ್ತಿ, ಮೇಲೆ ಚೆಲ್ಲಿ ಖಾಲಿ ಇಳಿಯಿರಿ. ಏಪ್ರಿಲ್ ಕಳೆದ ಮೇಲೆ ಹೊರೆ ಸಮೇತ ಇಳಿಯಿರಿ. ಎರಡು ಕೋಲು ಬಳಸುವುದು ಈಗಲೇ ರೂಢಿಯಾಗಲಿ. ಆದರೆ ಏಣಿಯ ಮೇಲೆ ಕೋಲಿಗೆ ಜಾಗವಿಲ್ಲ, ಕೈ ಎರಡೂ ಏಣಿಗೇ ಬೇಕು. ಮನೆಯಲ್ಲಿ ಅಟ್ಟದ ಏಣಿ ಇದ್ದರೆ ಚೀಲ ಹೊತ್ತು ಹತ್ತಿ ಇಳಿಯಿರಿ, ಏಣಿಯ ಬುಡವನ್ನು ಯಜಮಾನರು ಹಿಡಿದುಕೊಳ್ಳಲಿ. ‘ನಿನಗೇನು ಹೊಸದಾ’ ಅಂದವರಿಗೂ ಒಂದು ಕೆಲಸ ಆಯಿತು.

ಬೂಟು ಪಾದದ ಗೆಣ್ಣು ಮುಚ್ಚುವಂಥದ್ದು, ಹಿಡಿತ ಇರುವ ಅಟ್ಟೆಯದ್ದು, ಈಗಲೇ ಕೊಂಡು ಸವೆಸಿ. ವಿಮಾನ ಇಳಿದು ಹೊಸ ಬೂಟು ಹಾಕಿಕೊಂಡವರ ಹಿಮ್ಮಡಿ ಎರಡನೇ ದಿನಕ್ಕೆ ಹೇಗಿರುತ್ತದೆ ಅಂತ ನಾನು ಇಲ್ಲಿ ಬಣ್ಣಿಸುವುದಿಲ್ಲ. ಹಾಗೆಯೇ ಹೊರಡುವ ಒಂದು ವಾರ ಮೊದಲಾದರೂ ಕೆನಡಾ ತಲುಪಿ. ಹನ್ನೆರಡೂವರೆ ಗಂಟೆಯ ವ್ಯತ್ಯಾಸ, ಹಗಲು ರಾತ್ರಿ ತಲೆಕೆಳಗು. ನಿದ್ದೆಗೆಟ್ಟವರ ಹೆಜ್ಜೆ ಬೇಗ ತಪ್ಪುತ್ತದೆ.

ಊಟ ನಿಮ್ಮ ಚಿಂತೆಗಳಲ್ಲೆಲ್ಲ ಸಣ್ಣದು. ಸಸ್ಯಾಹಾರ ಅಲ್ಲಿ ಮಾಮೂಲು. ಆದರೆ ‘ಮೊಟ್ಟೆಯೂ ಇಲ್ಲ, ಮೀನಿನ ಸಾಸೂ ಇಲ್ಲ, ಬೇರೆ ಪಾತ್ರೆ’ ಅಂತ ಬರಹದಲ್ಲಿ ತಿಳಿಸಿ. ರೆಡಿಮೇಡ್ ಬಿಸಿಬೇಳೆಬಾತಿನ ಪೊಟ್ಟಣ ತರಬೇಡಿ, ಅದರಲ್ಲಿ ಅರ್ಧಕ್ಕರ್ಧ ಹೊರುವುದು ನೀರು. ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಶೇಂಗಾ ಚಿಕ್ಕಿ: ಹಗುರ, ಬೆಂಕಿ ಕಡಿಮೆ ಸಾಕು, ಹೊಟ್ಟೆಗೂ ಪರಿಚಯ. ಒಣ ಲೆಕ್ಕದಲ್ಲಿ ದಿನಕ್ಕೆ 600–700 ಗ್ರಾಂ. ವಿಮಾನದಿಂದಿಳಿದಾಗ ಕಸ್ಟಮ್ಸ್‌ನಲ್ಲಿ ಎಲ್ಲವನ್ನೂ ಹೇಳಿಬಿಡಿ. ನಡುದಾರಿಯ ನಿಟಿನಾಟ್ ಕಡವಿನಲ್ಲಿ ಡಿಟಿಡಾಟ್ ಜನರ ದೋಣಿ ನಿಮ್ಮನ್ನು ಆಚೆ ದಾಟಿಸುತ್ತದೆ. ಅಲ್ಲೇ ಹಿಡಿದ ಏಡಿ ಬೇಯಿಸಿ ಮಾರುತ್ತಾರೆ. ನಾನು ಹೋದಾಗೆಲ್ಲ ಸುಟ್ಟ ಆಲೂಗಡ್ಡೆಯೂ ಸಿಕ್ಕಿದೆ, ಐದನೇ ದಿನ ಅದರ ರುಚಿಯೇ ಬೇರೆ. ಕುಡಿಯುವ ನೀರು ತೊರೆಯದ್ದು, ಸೋಸದೆ ಕಾಯಿಸದೆ ಕುಡಿಯಬೇಡಿ.

ಎಲ್ಲರೂ ಕೇಳಲು ಸಂಕೋಚಪಡುವ ಪ್ರಶ್ನೆಗೂ ಉತ್ತರ ಹೇಳುತ್ತೇನೆ: ಮುಖ್ಯ ಬಿಡಾರಗಳಲ್ಲಿ ಪಾಯಿಖಾನೆ ಇದೆ, ನೀರಿಲ್ಲ. ಒಂದು ಹಗುರ ಪ್ಲಾಸ್ಟಿಕ್ ಚೊಂಬು ಒಯ್ಯಿರಿ, ತೊರೆಯ ಹತ್ತಿರ ತೊಳೆದುಕೊಳ್ಳಲೇಬೇಡಿ.

ನಿಮ್ಮ ಮುಂದಿರುವ ದಾರಿಗಳು ಇವು. ಮೊದಲನೆಯದು, ಪೂರ್ತಿ 75 ಕಿ.ಮೀ. ಹೋಗುವುದು. ಹಾಗಾದರೆ ಮಗಳು ತಂಡದವರನ್ನು ಮೊದಲು ಕೇಳಬೇಕಾದದ್ದು ಯಾವ ತುದಿಯಿಂದ ಹೊರಡುತ್ತಾರೆ ಅಂತ. ಉತ್ತರದಿಂದ ಹೊರಟರೆ ಮೊದಲ ಮೂರು ದಿನ ಹೆಚ್ಚಾಗಿ ಮರಳು ದಂಡೆ, ಚಪ್ಪಟೆ ಬಂಡೆ, 25ನೇ ಕಿ.ಮೀ.ನಲ್ಲಿ ಟ್ಸೂಸಿಯಟ್ ಜಲಪಾತ. ಏಣಿಗಳ ಕಾಟ ಶುರುವಾಗುವ ಹೊತ್ತಿಗೆ ಚೀಲದ ಊಟ ಅರ್ಧ ಖಾಲಿ, ಕಾಲಿಗೂ ಲಯ ಸಿಕ್ಕಿರುತ್ತದೆ. ದಕ್ಷಿಣದಿಂದ ಹೊರಟರೆ ಅತಿ ಭಾರದ ಚೀಲ, ಅತಿ ಕಷ್ಟದ ದಿನ, ಎರಡೂ ಮೊದಲೇ. ಕೆಲವು ಗೈಡ್‌ಗಳಿಗೆ ಅದೇ ಇಷ್ಟ, ಕಷ್ಟ ಮೊದಲೇ ಮುಗಿಯಲಿ ಅಂತ. ನಿಮ್ಮ ಮೊಣಕಾಲಿಗೆ ಅದು ಸರಿಹೋಗುವುದಿಲ್ಲ.

ಉತ್ತರದಿಂದ ಹೊರಡುವುದರಲ್ಲಿ ಇನ್ನೂ ಒಂದು ಲಾಭ. ನಿಟಿನಾಟ್ ಕಡವು ಬರುವುದು 32ನೇ ಕಿ.ಮೀ. ಆಸುಪಾಸಿನಲ್ಲಿ. ಅಲ್ಲಿಂದ ದೋಣಿ ಹಿಡಿದು ಹೊರಬರಬಹುದು. ಅಂದರೆ ನಾಲ್ಕನೇ ದಿನ ನಿಮ್ಮ ಮೊಣಕಾಲು ಏನು ಹೇಳುತ್ತದೆ ಕೇಳಿ ತೀರ್ಮಾನಿಸಬಹುದು. ಇದು ಎರಡನೆಯ ದಾರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಆರಿಸುತ್ತಿದ್ದೆ: ಅರ್ಧ ದಾರಿ ಅಂತಲೇ ಮನಸ್ಸು ಮಾಡಿ ಹೊರಡುವುದು, ಚೆನ್ನಾಗಿದ್ದರೆ ಮುಂದುವರಿಯುವುದು. ಇದಕ್ಕೆ ತಂಡದವರು ಒಪ್ಪಬೇಕು, ಇಬ್ಬರು ಗೈಡ್ ಇರಬೇಕು. ಹೊರಬರುವವರ ಜೊತೆ ಯಾರು ಬರುತ್ತಾರೆ, ಬಾಕಿ ದುಡ್ಡು ಏನಾಗುತ್ತದೆ ಅನ್ನುವುದು ಮೊದಲೇ ಮಾತಾಗಿರಬೇಕು. ಇದನ್ನು ಕೇಳಿದಾಗ ‘ಹಾಗೆಲ್ಲ ಆಗೋದಿಲ್ಲ, ನೀವು ಧೈರ್ಯವಾಗಿರಿ’ ಅನ್ನುವ ಸಂಸ್ಥೆಯಾದರೆ ನನಗೆ ಅನುಮಾನ. ಜೊತೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಪರವಾನಗಿ ಇದೆಯೇ, ಗೈಡ್‌ಗಳಿಗೆ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ, ಒಂದು ದಿನದ ಹೆಚ್ಚುವರಿ ಊಟ ಒಯ್ಯುತ್ತಾರೆಯೇ ಕೇಳಿ. ಕೊನೆಯದಕ್ಕೆ ಇಲ್ಲ ಅಂದರೆ, ಮಳೆಯಲ್ಲಿ ತೊರೆ ತುಂಬಿದ ದಿನ ಅವರು ಕಾಯುವ ಬದಲು ದಾಟಿಸಲು ನೋಡುತ್ತಾರೆ.

ಮೂರನೆಯದು, ಪೋರ್ಟ್ ರೆನ್‌ಫ್ರೂ ದಕ್ಷಿಣಕ್ಕಿರುವ ಹ್ವಾನ್ ಡಿ ಫ್ಯೂಕಾ ಹಾದಿ, 47 ಕಿ.ಮೀ. ಅದೂ ಏರಿಳಿತದ ಕೆಸರು ದಾರಿಯೇ, ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನಡುನಡುವೆ ರಸ್ತೆಗೆ ಬರುವ ದಾರಿಗಳಿವೆ, ಒಂದೊಂದೇ ತುಂಡನ್ನು ಹಗಲು ನಡೆದು ಸಂಜೆ ಕಾರು ಹತ್ತಬಹುದು. ಬಿರುಗಾಳಿಗೆ ಸೇತುವೆ ಹೋಗಿ ಕೆಲವು ತುಂಡು ಮುಚ್ಚಿರುವುದುಂಟು, ಹೊರಡುವ ಮೊದಲು ವಿಚಾರಿಸಿ. ನಾಲ್ಕನೆಯದು ಅದೇ ದ್ವೀಪದ ಟೊಫಿನೊ, ಯುಕ್ಲುಲೆಟ್ ಊರುಗಳ ಕಡೆ: ಅದೇ ಕಡಲು, ಅದೇ ಸೀಡರ್ ಮರಗಳು, ಹಲಗೆ ಹಾಸಿದ ದಾರಿ, ರಾತ್ರಿ ಮಲಗಲು ಕೋಣೆ. ಮೂಳೆ ಡಾಕ್ಟರ್ ಬೇಡ ಅಂದರೆ ಅಲ್ಲಿಗೆ ಹೋಗಿ, ಅದನ್ನು ಸೋಲು ಅಂದುಕೊಳ್ಳಬೇಡಿ. ನನ್ನ ಅಮ್ಮನನ್ನು ನಾನು ಕರೆದೊಯ್ದದ್ದು ಅಲ್ಲಿಗೇ.

‘ನನ್ನಿಂದ ಆಗುತ್ತದೆಯೇ’ ಅಂತ ಕೇಳಿದ್ದೀರಿ. ಪತ್ರ ನೋಡಿ ಹೇಳಲಾರೆ, ಆದರೆ ಪರೀಕ್ಷೆ ಹೇಳಬಲ್ಲೆ. ಮೇ ಕೊನೆಯ ವಾರ, ಪೂರ್ತಿ ಹೊರೆ ಹೊತ್ತು, ಸತತ ಎರಡು ದಿನ, ದಿನಕ್ಕೆ ಐದಾರು ಗಂಟೆ ಕಾಡು ಗುಡ್ಡ ಹತ್ತಿ ಇಳಿಯಿರಿ. ಮಳೆ ಬಂದರೆ ಇನ್ನೂ ಒಳ್ಳೆಯದು. ಮೂರನೇ ದಿನ ಬೆಳಿಗ್ಗೆ ಎದ್ದು, ಯಾವ ಮಾತ್ರೆಯನ್ನೂ ನುಂಗದೆ, ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಿರಿ. ಇಳಿದಿರಾದರೆ ಟಿಕೆಟ್ ಇಟ್ಟುಕೊಳ್ಳಿ. ಕಂಬಿ ಬೇಕೇ ಬೇಕಾಯಿತು ಅಂದರೆ ಮೂರನೆಯದೋ ನಾಲ್ಕನೆಯದೋ. ಮುಂಗಡ ವಾಪಸು ಸಿಗುವ ಕೊನೆಯ ತಾರೀಕು ಮೇಗಿಂತ ಮುಂಚೆ ಇದ್ದರೆ ಪರೀಕ್ಷೆಯನ್ನೂ ಮುಂಚೆಗೆ ತನ್ನಿ. ಫಲಿತಾಂಶವನ್ನು ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ‘ಪರವಾಗಿಲ್ಲ, ಸ್ವಲ್ಪ ನೋವು’ ಅನ್ನುವ ನಮ್ಮ ಅಮ್ಮಂದಿರ ಮಾತಿಗೆ ಆ ಏಣಿಗಳ ಮೇಲೆ ಬೆಲೆ ಇಲ್ಲ.

ಕೊಡೆ: ಬೇಡ. ಕೈ ಎರಡೂ ಏಣಿಗೆ, ಕೋಲಿಗೆ, ಬೇರಿಗೆ ಬೇಕು. ಗಾಳಿಗೆ ಮೊದಲ ದಿನವೇ ಮಗುಚಿಕೊಳ್ಳುತ್ತದೆ, ಆಮೇಲೆ ಆ ಕಡ್ಡಿಗಳನ್ನು ಕೊನೆಯವರೆಗೂ ಹೊರಬೇಕು, ಅಲ್ಲಿ ಏನನ್ನೂ ಬಿಸಾಡುವ ಹಾಗಿಲ್ಲ. ಬರ್ನಬಿಯಲ್ಲೇ ಇಟ್ಟು ಹೋಗಿ. ಅಲ್ಲಿಯೂ ಜುಲೈನಲ್ಲಿ ಅದು ಮೂಲೆಯಲ್ಲೇ ನಿಂತಿರುವ ಸಂಭವ ಹೆಚ್ಚು, ಆ ತಿಂಗಳು ಊರಿನೊಳಗೆ ಮಳೆ ಅಪರೂಪ.